ಬ್ಯಾಡಗಿ ಟೀಚರ್ ಅವರ ಕೆಮ್ಮು

ಬೆಂಡೆಯ ಬೀಜಕ್ಕಿಂತ ದೊಡ್ಡದು, ಅಲಸಂದೆ ಕಾಳಿಗಿಂತ ತುಸು ಸಣ್ಣದು. ಬೆರಳಿನಿಂದ ಒತ್ತಿದರೆ ಪಕ್ಕಕ್ಕೆ ಜಾರುತ್ತಿತ್ತು, ಬಿಟ್ಟರೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ನೋವಿರಲಿಲ್ಲ.

ಬೀಜಗಳ ಅಳತೆಯಲ್ಲಿ ಅದನ್ನು ಯೋಚಿಸಿದ್ದು ನನ್ನ ಕೆಲಸದಿಂದಾಗಿ. ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಪ್ರಯೋಗಾಲಯಕ್ಕೆ ಸೇರಿಕೊಂಡಿದ್ದೆ. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ ಇಟ್ಟು, ಗೊತ್ತಾದ ದಿನ ಬಿಚ್ಚಿ, ನೆಟ್ಟಗೆ ಮೊಳೆತವು ಯಾವುವು, ಸೊಟ್ಟಗೆ ಮೊಳೆತವು ಯಾವುವು, ಕೊಳೆತವು ಯಾವುವು ಎಂದು ಬೇರ್ಪಡಿಸುವುದು ನನ್ನ ಕೆಲಸ. ಜನವರಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಬಚ್ಚಲಮನೆಯಲ್ಲಿ, ಎಡ ಎದೆಯ ಹೊರಮಗ್ಗುಲಲ್ಲಿ ಸೋಪು ಹತ್ತಿದ ಬೆರಳಿಗೆ ಆ ಗಂಟು ಸಿಕ್ಕಿತು. ಅಂದು ಟೊಮೆಟೊ ಬೀಜದ ಒಂದೇ ಸುರುಳಿಯನ್ನು ಎರಡು ಸಲ ಎಣಿಸಿದೆ. ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂತು.

ಮನೆಯಲ್ಲಿದ್ದದ್ದು ಅವ್ವ ಮತ್ತು ನಾನು. ಅಪ್ಪ ರೈಲ್ವೆಯಲ್ಲಿದ್ದರು. ನಾನಿನ್ನೂ ಓದುತ್ತಿದ್ದಾಗಲೇ ಹೊಟ್ಟೆಯ ಕ್ಯಾನ್ಸರ್ ಆಗಿ ತೀರಿಕೊಂಡರು. ಆಮೇಲೆಯೂ ನಾವು ಸ್ಟೇಷನ್ನಿನ ಹತ್ತಿರದ ಅದೇ ಬಾಡಿಗೆ ಮನೆಯಲ್ಲಿ ಉಳಿದುಕೊಂಡೆವು. ನಾವು ಕ್ಯಾಥೊಲಿಕರು. ರಾಣೆಬೆನ್ನೂರಿನಲ್ಲಿ ನಮ್ಮವರೆಂದರೆ ಬೆರಳೆಣಿಕೆಯ ಮನೆಗಳು. ಸಿಸ್ಟರುಗಳ ಕಾನ್ವೆಂಟಿನ ಹಿಂದಿನ ಉದ್ದ ಕೋಣೆಯೇ ನಮ್ಮ ಚರ್ಚು. ಭಾನುವಾರ ಬೇರೆ ಊರಿನಿಂದ ಫಾದರ್ ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದರು. ಮಂಗಳವಾರ ಸಂಜೆ ಸಂತ ಅಂತೋಣಿಯವರ ಪ್ರಾರ್ಥನೆ. ಅದನ್ನು ಸಿಸ್ಟರೇ ನಡೆಸುತ್ತಿದ್ದರು.

ಅಪ್ಪನ ಕಾಯಿಲೆ ಗೊತ್ತಾದ ದಿನವೇ ಅವ್ವ ಅದನ್ನು ಎಲ್ಲರಿಗೂ ಹೇಳಿದ್ದಳು. ಚರ್ಚಿನಲ್ಲಿ ಹೇಳಿದಳು, ತರಕಾರಿಯವಳಿಗೆ ಹೇಳಿದಳು, ಊರಿಂದ ಬಂದವರಿಗೆ, ಊರಿಗೆ ಹೋಗುವವರಿಗೆ ಹೇಳಿದಳು. "ನಮ್ಮವರ ಸಲುವಾಗಿ ಪ್ರಾರ್ಥನಾ ಮಾಡ್ರಿ" ಎಂಬುದು ಅವಳ ಬಾಯಲ್ಲಿ ನಮಸ್ಕಾರದಂತಾಯಿತು. ಸಂಜೆ ಕೆಲಸ ಬಿಟ್ಟವರೆಲ್ಲ ನಮ್ಮ ಮನೆಗೆ ಬರುವರು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಬ್ಬರು ಯಾವುದೋ ಪುಣ್ಯಕ್ಷೇತ್ರದ ಎಣ್ಣೆ ತಂದರೆ ಇನ್ನೊಬ್ಬರು ತೀರ್ಥ ತರುವರು. ಜಪಸರ ಹಿಡಿದು ಕುಳಿತರೆ ಒಬ್ಬ ಸಂತನನ್ನೂ ಬಿಡುತ್ತಿರಲಿಲ್ಲ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನೋವಿನಿಂದಲ್ಲ, ಸಂಕೋಚದಿಂದ. ಅದು ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ಅವರ ಜಾಗದಲ್ಲಿದ್ದಿದ್ದರೆ ನಾನೂ ಹಾಗೆಯೇ ಮಲಗುತ್ತಿದ್ದೆ.

ಅವರು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ಅವ್ವ ಮತ್ತೆ ಮಂಗಳವಾರದ ಪ್ರಾರ್ಥನೆಗೆ ಸೀರೆ ಉಡುತ್ತಿದ್ದುದನ್ನು ನೋಡಿ ತಡೆಯಲಾಗದೆ ಕೇಳಿದ್ದೆ.

"ಇಷ್ಟು ಮಂದಿ ಸಂತರಿಗೆ ಕೇಳಿದಿ. ಯಾರು ಏನ್ ಮಾಡಿದ್ರವ್ವಾ?"

ಅವ್ವ ಸೆರಗಿಗೆ ಪಿನ್ ಹಾಕಿಕೊಳ್ಳುತ್ತ ಹೇಳಿದಳು: "ಕೂಡ ಕುಂತಿದ್ರು."

"ಕುಂತು?"

"ಕುಂತು ಏನ್ ಮಾಡ್ತಾರ, ನನ್ನಂಗ ಅವರೂ ಬೇಡಿಕೊಂಡ್ರು. ದೇವರು ಒಲ್ಲೆ ಅಂದ. ಒಲ್ಲೆ ಅಂದಾಗ ನಾ ಒಬ್ಬಾಕಿನ ಇದ್ದಿಲ್ಲಲ್ಲ." ಮತ್ತೆ, "ನೀ ಬರ್ತೀಯೋ ಇಲ್ಲೋ? ಲಗೂ ಹೇಳು."

ಹೋದೆ. ಹೋಗುವುದು ಬಿಟ್ಟಿರಲಿಲ್ಲ. ಆದರೆ ಗಂಟು ಸಿಕ್ಕ ಬೆಳಿಗ್ಗೆ ನಾನು ಮೊದಲು ನಿರ್ಧರಿಸಿದ್ದು ಡಾಕ್ಟರ ವಿಷಯವನ್ನಲ್ಲ, ಅವ್ವನಿಗೆ ಗೊತ್ತಾಗಬಾರದು ಎನ್ನುವುದನ್ನು. ಆ ಕಾಯಿಲೆಯ ಹೆಸರನ್ನು ಅವಳು ಇನ್ನೊಮ್ಮೆ ಈ ಮನೆಯಲ್ಲಿ ಕೇಳಬಾರದು. ಮತ್ತು ನನ್ನ ಎದೆಯ ವಿಷಯ ಒಂದು ಕೋಣೆ ತುಂಬ ಜನರ ಬಾಯಲ್ಲಿ ಬರಬಾರದು. ಈ ಎರಡರಲ್ಲಿ ಯಾವುದು ಹೆಚ್ಚು ಎಂದು ಯಾರಾದರೂ ಕೇಳಿದ್ದರೆ ಆಗ ಉತ್ತರ ಕೊಡಲಾಗುತ್ತಿರಲಿಲ್ಲ.

ರಾಣೆಬೆನ್ನೂರಿನ ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತಿದರೂ ಸಂಜೆಯೊಳಗೆ ಸುದ್ದಿ ಮನೆಗೆ ಬರುತ್ತದೆ. ಹಾಗಾಗಿ ಹಾವೇರಿಗೆ ಹೋದೆ. ಜಿಲ್ಲೆಯಾದ ಮೇಲೆ ಅಲ್ಲಿ ಹೊಸ ನರ್ಸಿಂಗ್ ಹೋಮುಗಳು ಎದ್ದಿದ್ದವು. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ ಅದು. ಬಸ್ಸು ದಾರಿಯುದ್ದಕ್ಕೂ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಇಳಿಯುತ್ತ, ಹತ್ತುತ್ತ, ಮಣ್ಣಿನ ರಾಶಿಗಳ ನಡುವೆ ನಿಂತು ನಿಂತು ಹೋಗುತ್ತಿತ್ತು. ನಿಂತಾಗಲೆಲ್ಲ ನನ್ನ ಕೈ ತಾನಾಗಿ ದುಪ್ಪಟ್ಟಾದ ಕೆಳಗೆ ಹೋಗುತ್ತಿತ್ತು. ಎಳೆದುಕೊಂಡು ಕಿಟಕಿಯ ಸರಳಿನ ಮೇಲೆ ಇಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲಿಯೇ.

ಲೇಡಿ ಡಾಕ್ಟರು ಮುಟ್ಟಿ ನೋಡಿ, "ಈ ವಯಸ್ಸಿಗೆ ಹೆಚ್ಚಾಗಿ ಏನೂ ಇರೂದಿಲ್ಲ. ಆದರ ನಿಮ್ಮ ತಂದಿಯವರಿಗೆ ಆಗಿತ್ತು ಅಂತೀರಿ, ಸೂಜಿ ಹಾಕಿ ನೋಡಿಬಿಡೂಣು" ಎಂದರು. ಸೂಜಿ ಹಾಕುವ ಸರ್ಜನ್ ಬೇರೆ ಊರಿನಿಂದ ಗುರುವಾರ ಮಾತ್ರ ಬರುವವರು. ಆ ವಾರ ಅವರು ರಜೆ. ಮುಂದಿನ ಗುರುವಾರ ಬರಲು ಹೇಳಿದರು. ಅಲ್ಲಿಯವರೆಗೆ ಏನು ಮಾಡಬೇಕು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮರುದಿನ ಮಂಗಳವಾರ. ಪ್ರಯೋಗಾಲಯದಲ್ಲಿ ನನ್ನ ಎದುರು ಮೇಜಿನವಳು ಮೋಟೆಬೆನ್ನೂರಿನವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅವಳ ಕಾಕಾ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲರು. ಅವಳಿಗೆ ನನ್ನ ಮಂಗಳವಾರಗಳು ಗೊತ್ತಿದ್ದವು.

"ಇವತ್ತ ಲಗೂ ಹೋಗಾಕಿ ನೀ. ನಿಮ್ಮ ಅಂತೋಣಿ ದೇವರ ಪೂಜಾ."

"ಅಂವ ದೇವರಲ್ಲವಾ, ಸಂತ."

"ದೇವರಲ್ಲಂದ್ರ ಅವಂಗ್ಯಾಕ ಬೇಡ್ತೀರಿ?"

"ಅವನಿಗೆ ಬೇಡೂದಿಲ್ಲ. ನಮ್ಮ ಸಲುವಾಗಿ ನೀನೂ ದೇವರಿಗೆ ಬೇಡಿಕೋಪಾ ಅಂತೀವಿ."

"ಹಂಗನ್ನು. ದಲಾಲಿ!" ಅವಳು ಚಿಮಟವನ್ನು ಕೆಳಗಿಟ್ಟು ನಕ್ಕಳು. "ನಮ್ಮ ಕಾಕಾಗ ಹೇಳ್ತೇನಿ ತಡಿ, ಸ್ವರ್ಗದಾಗೂ ಒಂದ್ ಅಂಗಡಿ ಹಾಕಾಕ ಜಾಗಾ ಐತಿ ಅಂತ."

ನಾನು ಸಾಮಾನ್ಯವಾಗಿ ಇಂಥ ಮಾತಿಗೆ ನಕ್ಕು ಸುಮ್ಮನಾಗುತ್ತೇನೆ. ಅಂದು ಏಕೋ ಬಿಡಿಸಿ ಹೇಳಿದೆ. ದಲಾಲಿ ಇಲ್ಲದೆ ಪೇಟೆಯಲ್ಲಿ ರೈತನ ಮಾಲು ಮಾರಾಟವಾಗುವುದಿಲ್ಲ. ಆದರೆ ಸಂತರಿಲ್ಲದೆ ದೇವರಿಗೆ ನಮ್ಮ ಮಾತು ಮುಟ್ಟುವುದಿಲ್ಲ ಎಂದು ನಾವು ಯಾರೂ ಹೇಳುವುದಿಲ್ಲ. ನೇರವಾಗಿಯೂ ಕೇಳುತ್ತೇವೆ. ಪ್ರಾರ್ಥನೆಯಲ್ಲಿ ದೇವರ ಹೆಸರು ಬಂದಾಗ 'ದಯೆ ತೋರಿರಿ' ಎನ್ನುತ್ತೇವೆ, ಸಂತರ ಹೆಸರು ಬಂದಾಗ 'ನಮಗಾಗಿ ಪ್ರಾರ್ಥಿಸಿರಿ' ಎನ್ನುತ್ತೇವೆ. ಒಂದಕ್ಕೊಂದು ಎಂದೂ ಅದಲುಬದಲಾಗುವುದಿಲ್ಲ.

"ನಿಮ್ಮ ಅಮ್ಮ ಇದ್ದಾಗ ಪರೀಕ್ಷಾಕ್ಕ ಹೋಗೂ ಮುಂದ, ದೇವರಿಗೆ ಕೈ ಮುಗಿಯವಾ ನನ್ನ ಸಲುವಾಗಿ ಅಂತಿದ್ದಿಲ್ಲ ನೀ? ಹಂಗ ಇದು. ಆಕಿ ತೀರಿಕೊಂಡ್ಲಂತ ಆಕಿಗೆ ನಿನ್ನ ಮ್ಯಾಲಿನ ಮನಸ್ಸೂ ತೀರಿತೇನು? ತೀರಿಲ್ಲ ಅಂತೀವಿ ನಾವು. ದೇವರ ಹತ್ರ ಇದ್ದಾಳ, ಇನ್ನಷ್ಟು ಛಲೋ ಕೇಳಬಹುದು."

ಅಮ್ಮ ಎಂದರೆ ಅವಳ ಅಜ್ಜಿ. ಅವಳ ನಗು ನಿಂತಿತು. ಒಂದು ಸುರುಳಿಯನ್ನು ಬಿಚ್ಚಿ, ನೋಡದೆ ಮತ್ತೆ ಸುತ್ತಿಟ್ಟಳು.

"ಅಂದ್ರ ಸತ್ತವರಿಗೂ ಕೇಳ್ತೀರಿ, ಬದುಕಿದ್ದವರಿಗೂ ಕೇಳ್ತೀರಿ."

"ಹೌದು."

"ಹಂಗಾರ ನನಗ ಒಂದ್ ದಿನಾನೂ ಕೇಳಿಲ್ಲಲ್ಲವಾ ನೀ. ಇಷ್ಟ್ ದಿನದಿಂದ ಎದುರಿಗೆ ಕುಂತೇನಿ. ನಿನಗೇನೂ ಬೇಕಾಗಿಲ್ಲೇನು?"

ಅವಳು ಚೇಷ್ಟೆಗೆ ಹೇಳಿದ್ದಳು. ನನ್ನ ಮುಖ ಬಿಸಿಯಾಯಿತು. ಫ್ರಿಜ್ಜಿನಲ್ಲಿ ಏನೋ ಹುಡುಕುವವಳಂತೆ ಎದ್ದು ಹೋದೆ.

ದೇವರಿಗೆ ಹೇಳಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ: ಅವನಿಗೆ ಮೊದಲೇ ಗೊತ್ತು. ಬಾಯಿ ತೆರೆಯಬೇಕಿಲ್ಲ. ಇನ್ನೊಬ್ಬರಿಗೆ, ನನ್ನ ಸಲುವಾಗಿ ಕೇಳು ಎನ್ನಬೇಕಾದರೆ ಏನು ಬೇಕಾಗಿದೆ ಎಂದು ಹೇಳಬೇಕು. ನನಗೆ ಅಷ್ಟು ದಿನ ಸಂತರ ಬಗ್ಗೆ ಇದ್ದ ತಕರಾರು ಸ್ವರ್ಗದ ಬಗ್ಗೆ ಅಲ್ಲವೇ ಅಲ್ಲ ಎಂಬುದು ಫ್ರಿಜ್ಜಿನ ತಣ್ಣನೆಯ ಗಾಳಿಯ ಮುಂದೆ ನಿಂತಾಗ ಹೊಳೆಯಿತು. ಬೀಜದ ಪೊಟ್ಟಣಗಳನ್ನು ಸುಮ್ಮನೆ ಆಚೀಚೆ ಸರಿಸಿ ಬಾಗಿಲು ಮುಚ್ಚಿದೆ.

ಆ ಸಂಜೆ ಪ್ರಾರ್ಥನೆ ಮುಗಿದು ಎಲ್ಲರೂ ಚಪ್ಪಲಿ ಮೆಟ್ಟುತ್ತಿದ್ದಾಗ ಸಿಸ್ಟರ್ ಅವರ ಹತ್ತಿರ ಹೋದೆ. ಅವರು ಕರಾವಳಿಯ ಕಡೆಯವರು, ಪುಸ್ತಕದ ಕನ್ನಡ ಮಾತಾಡುವವರು. ಆರೋಗ್ಯದ ವಿಷಯ, ಭಾನುವಾರದ ಬಿನ್ನಹಗಳಲ್ಲಿ ಸೇರಿಸಬಹುದೇ, ಆದರೆ ಹೆಸರು ಬೇಡ ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

"ನಿಮ್ಮ ಅಮ್ಮನಿಗೆ?"

"ಗೊತ್ತಿಲ್ಲ, ಸಿಸ್ಟರ್."

"ಹೆಸರು ಹೇಳುವುದಿಲ್ಲ" ಎಂದರು. ಇನ್ನೇನೂ ಕೇಳಲಿಲ್ಲ.

ಭಾನುವಾರ ಫಾದರ್ ಪ್ರಸಂಗ ಮುಗಿಸಿದ ಮೇಲೆ ಸಿಸ್ಟರ್ ಎದ್ದು ಬಿನ್ನಹಗಳನ್ನು ಓದಿದರು. ಧರ್ಮಸಭೆಗಾಗಿ, ಮಳೆಬೆಳೆಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ. ಕೊನೆಗೆ, "ನಮ್ಮ ನಡುವೆ ಇರುವ, ಕಾಯಿಲೆಯ ಚಿಂತೆಯನ್ನು ಒಬ್ಬರೇ ಹೊತ್ತಿರುವ ಸಹೋದರಿಗಾಗಿ" ಎಂದು ನಿಲ್ಲಿಸಿದರು. ಉಳಿದವರು ಉತ್ತರ ಹೇಳುವ ಮುನ್ನ ಇರುವ ಆ ಸಣ್ಣ ಮೌನದಲ್ಲಿ ಹಿಂದಿನ ಸಾಲಿನಿಂದ ಕೆಮ್ಮು ಕೇಳಿಸಿತು. ಒಂದಲ್ಲ, ಬಿಡದೆ, ಉಸಿರು ಕಟ್ಟುವಂತೆ.

ಎಲ್ಲರೂ ತಿರುಗಿ ನೋಡಿದರು. ಬ್ಯಾಡಗಿ ಟೀಚರ್.

ಅವರು ಬ್ಯಾಡಗಿಯ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಐವತ್ತರ ಆಸುಪಾಸು. ಭಾನುವಾರ ಪೂಜೆಗೆ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಬರುವರು, ಕೆಲವು ಸಲ ನಮ್ಮ ಮನೆಯಲ್ಲಿ ಚಹಾ ಕುಡಿದು ಹೋಗುವರು. ಅವರ ಬಾಡಿಗೆ ಕೋಣೆ ಇದ್ದದ್ದು ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ. ಸುಗ್ಗಿಯಲ್ಲಿ ಆ ಓಣಿಯ ಮಂದಿಯೆಲ್ಲ ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಾರೆ. ಟೀಚರೂ ಪ್ರತಿ ವರ್ಷ ಕೆಮ್ಮುತ್ತಿದ್ದರು, ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಈ ಸಲ ಸಿಸ್ಟರ್ ಅವರ ಮಾತು ಮುಗಿದಲ್ಲಿಗೇ ಅವರ ಕೆಮ್ಮು ಸುರುವಾಯಿತು.

ಪೂಜೆ ಮುಗಿದು ಅಂಗಳಕ್ಕೆ ಬರುವಷ್ಟರಲ್ಲಿ ಅವರ ಸುತ್ತ ಹೆಂಗಸರು ಕೂಡಿದ್ದರು.

"ಎಂದಿನಿಂದ ಟೀಚರ್?"

"ಏನು ಎಂದಿನಿಂದ? ಮೆಣಸಿನಕಾಯಿ ಬಂದಾಗಿಂದ."

"ಮುಚ್ಚಿಡಬ್ಯಾಡ್ರಿ. ನಾವೇನು ಹೊರಗಿನವರಾ?"

"ಅಯ್ಯ, ಘಾಟು ಅದವಾ! ನಮ್ಮ ಓಣ್ಯಾಗ ನಾಯಿ ಸೈತ ಕೆಮ್ಮತಾವ."

ಅವ್ವ ನನ್ನ ಕಿವಿಯಲ್ಲಿ, "ನೋಡು, ನಗಸ್ಯಾಡತಾರ. ಬ್ಯಾನಿ ಇದ್ದವರು ಹಿಂಗ ನಗಸ್ಯಾಡೂದು. ನಿಮ್ಮಪ್ಪನೂ ಹಂಗ ಮಾಡತಿದ್ರು" ಎಂದಳು. ಅವಳ ಕಣ್ಣಲ್ಲಿ ಆಗಲೇ ನೀರಿತ್ತು.

ಸೋಮವಾರ ಅವ್ವ ಬಾಳೆಹಣ್ಣು, ಒಂದು ಸೀಸೆ ಎಣ್ಣೆ ತೆಗೆದುಕೊಂಡು ಬ್ಯಾಡಗಿಗೆ ಹೋಗಿ ಬಂದಳು. ಬರುವಾಗ ತಾನೂ ಕೆಮ್ಮುತ್ತ ಬಂದಳು. "ಒಂದ ಕ್ವಾಣಿ. ಒಬ್ಬಾಕಿನ. ಕೇಳಿದ್ರ, ಏನೂ ಇಲ್ರಿ, ನಿಮಗ್ಯಾರು ಹೇಳಿದ್ರು ಅಂತ ನನಗ ಜೋರು ಮಾಡಿದ್ಲು" ಎಂದು ಹೇಳಿ, ಜಪಸರ ಹಿಡಿದು ಕುಳಿತಳು. ಮಂಗಳವಾರ ಬೇರೆ ಇಬ್ಬರು ಹೋದರು. ಬುಧವಾರ ಮತ್ತೆ ಅವ್ವ. ನಾನು ಅವಳ ಎದುರು ಊಟಕ್ಕೆ ಕುಳಿತು, ಟೀಚರ್ ಅವರ ಉಗುರುಗಳು ಹೇಗೆ ಬೆಳ್ಳಗಾಗಿವೆ, ಕುತ್ತಿಗೆಯ ಎಲುಬು ಹೇಗೆ ಕಾಣುತ್ತಿದೆ ಎಂದು ಅವಳು ಹೇಳುವುದನ್ನು ಕೇಳಬೇಕಾಯಿತು. ಒಂದು ಸಲ ಬಾಯಿ ತೆರೆದೂಬಿಟ್ಟೆ. "ಅವ್ವಾ, ಅದು ಟೀಚರ್ ಇರಲಿಕ್ಕಿಲ್ಲ."

"ಮತ್ಯಾರು?"

"ನನಗೇನ್ ಗೊತ್ತು."

"ಗೊತ್ತಿಲ್ಲಂದ್ರ ಸುಮ್ನ ಉಣ್ಣು. ಹಾವೇರಿಗೆ ಡಾಕ್ಟರ್ ಕಡೆ ಹೋಗಾಕ ಒಪ್ಪಿಸಿ ಬಂದೇನಿ ನಾ. ದಿನಾ ಬರ್ತೇನಿ ಅಂದೆ. ಅದಕ್ಕ ಅಂಜಿ ಒಪ್ಪಿದ್ಲು."

ಯಾವ ದಿನ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗುರುವಾರ ಹಾವೇರಿಯಲ್ಲಿ ಸೂಜಿ ಚುಚ್ಚಿಸಿಕೊಳ್ಳುವಾಗ ಮುಷ್ಟಿ ಬಿಗಿಹಿಡಿದು ಛಾವಣಿಯ ಫ್ಯಾನಿನ ರೆಕ್ಕೆಯ ಮೇಲಿನ ದೂಳು ನೋಡುತ್ತಿದ್ದೆ. ಮುಗಿದ ಮೇಲೆ ಹತ್ತಿ ಒತ್ತಿ ಪಟ್ಟಿ ಅಂಟಿಸಿದರು. ಮಾದರಿ ದಾವಣಗೆರೆಗೆ ಹೋಗುತ್ತದೆ, ಸೋಮವಾರ ರಿಪೋರ್ಟು. ಹೊರಗೆ ಬಂದು ದುಪ್ಪಟ್ಟಾ ಸರಿಮಾಡಿಕೊಳ್ಳುತ್ತಿದ್ದಾಗ ಎದುರಿನ ಬೆಂಚಿನಲ್ಲಿ ಬ್ಯಾಡಗಿ ಟೀಚರ್ ಕುಳಿತಿದ್ದರು. ಕೈಯಲ್ಲಿ ತಮ್ಮ ಎದೆಯ ಎಕ್ಸ್-ರೇಯ ಹಳದಿ ಲಕೋಟೆ.

ಅವರು ನನ್ನನ್ನು ನೋಡಿದರು. ನಾನು ಬಂದ ಬಾಗಿಲಿನ ಮೇಲಿನ ಬೋರ್ಡು ನೋಡಿದರು. ಎದೆಯ ಮೇಲೆ ಹಾಗೆಯೇ ಉಳಿದಿದ್ದ ನನ್ನ ಕೈ ನೋಡಿದರು.

"ಓಹೋ" ಎಂದರು. "ಹಂಗಾರ ಆ ಬಾಳೆಹಣ್ಣು ನಿನ್ನವು."

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅವರ ಪಕ್ಕದಲ್ಲಿ ಕುಳಿತುಕೊಂಡೆ. ಅವರು ನನ್ನ ಕೈ ಹಿಡಿಯಲಿಲ್ಲ, ಬೆನ್ನು ಸವರಲಿಲ್ಲ. ಅದಕ್ಕೆ ಇಂದಿಗೂ ಋಣಿಯಾಗಿದ್ದೇನೆ.

"ತಪ್ಪಾತು ಟೀಚರ್. ನಾನು ಹೆಸರು ಬ್ಯಾಡ ಅಂದಿದ್ದೆ. ಹಿಂಗಾಗತೈತಿ ಅಂತ..."

"ನನ್ನ ಪುಪ್ಪುಸ ಛಲೋ ಅದಾವ. ಈಗ ಡಾಕ್ಟರ್ ಹೇಳಿದ್ರು. ಖರ್ಚು ಬ್ಯಾರೆ." ಲಕೋಟೆಯಿಂದ ಗಾಳಿ ಹಾಕಿಕೊಂಡರು. "ನಿಮ್ಮವ್ವಗ ಗೊತ್ತಿಲ್ಲ."

"ಇಲ್ಲ. ಹೇಳಬ್ಯಾಡ್ರಿ."

"ನಾ ಯಾಕ ಹೇಳ್ಲಿ. ಎಂದು ಬರತೈತಿ ಕಾಗದಾ?"

"ಸೋಮವಾರ."

ಅವರು ಲಕೋಟೆಯನ್ನು ಮಡಿಲಿಗೆ ಇಳಿಸಿದರು. ಒಳಗೆ ಯಾರದೋ ಮಗು ಇಂಜೆಕ್ಷನ್ನಿಗೆ ಕಿರುಚಿಕೊಂಡಿತು.

"ಈಗ ನಾ ಹೋಗಿ, ನನಗೇನೂ ಇಲ್ಲ, ನೋಡ್ರಿ ಎಕ್ಸ್-ರೇ ಅಂತ ತೋರಿಸಿದೆ ಅನ್ನು. ಆ ಹೆಂಗಸರು ಸುಮ್ನ ಕುಂಡ್ರತಾರೇನು? ಹಂಗಾರ ಯಾರು ಅಂತ ಹುಡಕಾಕ ಹತ್ತತಾರ. ಇರೂದ ನಾಕ್ ಮಂದಿ. ಸಂಜಿ ಅನ್ನೂದರಾಗ ನಿನ್ನ ಬಾಗಲಕ ಬರ್ತಾರ." ಎದ್ದು ಸೀರೆ ಕೊಡವಿಕೊಂಡರು. "ಸೋಮವಾರದ ತನಕಾ ನಾನ ಬ್ಯಾನಿ ಮನುಷ್ಯಾಳು. ಹೋಗು, ನೀ ಮುಂದಿನ ಬಸ್ಸಿಗೆ ಹೋಗು. ಇಬ್ರೂ ಕೂಡಿ ಇಳದ್ರ ಮತ್ತೊಂದು ಕಥಿ ಆಗತೈತಿ."

ಶುಕ್ರವಾರ, ಶನಿವಾರ ನಾನು ಪ್ರಯೋಗಾಲಯದಲ್ಲಿ ಮಾಡಿದ್ದನ್ನೆಲ್ಲ ಮೋಟೆಬೆನ್ನೂರಿನವಳು ಸದ್ದಿಲ್ಲದೆ ಇನ್ನೊಮ್ಮೆ ಎಣಿಸಿ ಸರಿಪಡಿಸುತ್ತಿದ್ದುದು ನನಗೆ ಕಾಣುತ್ತಿತ್ತು. ಅವಳಿಗೂ ಹೇಳಲಿಲ್ಲ. ಪಟ್ಟಿ ಅಂಟಿಸಿದ ಜಾಗ ತುರಿಸುತ್ತಿತ್ತು. ಮನೆಗೆ ಬಂದರೆ ಅವ್ವ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತಿದ್ದಳು. ಭಾನುವಾರ ಪೂಜೆಯ ನಂತರ ಎಲ್ಲರೂ ಸೇರಿ ಟೀಚರ್ ಸಲುವಾಗಿ ಸಕಲ ಸಂತರ ಪ್ರಾರ್ಥನೆ ಹೇಳಬೇಕೆಂದು ಫಾದರ್ ಅವರಿಂದ ಒಪ್ಪಿಗೆ ಪಡೆದಿದ್ದಳು. ಮನೆ ಮನೆಗೆ ಹೋಗಿ ಹೇಳಿ ಬಂದಿದ್ದಳು. ಅಪ್ಪನ ಕಾಯಿಲೆಯಲ್ಲಿ ಕಂಡಿದ್ದ ಹಾಗೆಯೇ, ಕೂದಲು ಬಾಚಿಕೊಳ್ಳುವುದನ್ನೂ ಮರೆತು.

ಭಾನುವಾರ ಟೀಚರ್ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ಪೂಜೆಯ ನಂತರ ಅವರನ್ನು ಮುಂದೆ ಕರೆದು, ಕೂಸನ್ನೆತ್ತಿಕೊಂಡ ಸಂತ ಅಂತೋಣಿಯವರ ಪ್ರತಿಮೆಯ ಎದುರು ಮೊಣಕಾಲೂರಿಸಿದರು. ಹೆಂಗಸರು ಸುತ್ತ ನಿಂತರು. ಅವ್ವ ಎಲ್ಲರಿಗಿಂತ ಹತ್ತಿರ ನಿಂತು ಬಲಗೈಯನ್ನು ಟೀಚರ್ ಅವರ ತಲೆಯ ಮೇಲೆ ಇಟ್ಟಳು. ನಾನು ಅವ್ವನ ಹಿಂದೆ, ಕೈಗೆಟುಕುವಷ್ಟು ಹತ್ತಿರದಲ್ಲಿದ್ದೆ.

ಸಿಸ್ಟರ್ ಒಂದೊಂದೇ ಹೆಸರು ಹೇಳತೊಡಗಿದರು. ಮರಿಯಮ್ಮನವರು, ದೇವದೂತರು, ಪ್ರೇಷಿತರು, ರಕ್ತಸಾಕ್ಷಿಗಳು. ನಮಗಾಗಿ ಪ್ರಾರ್ಥಿಸಿರಿ. ನಮಗಾಗಿ ಪ್ರಾರ್ಥಿಸಿರಿ. ಚಿಕ್ಕಂದಿನಿಂದ ಕೇಳಿದ ರಾಗ. ಯೋಚಿಸದೆ ಬಾಯಿಗೆ ಬರುತ್ತದೆ. ಅಂದು ಬರಲಿಲ್ಲ. ಹೆಸರುಗಳು ಒಂದರ ಹಿಂದೊಂದು ಬಂದು ಆ ಕೋಣೆಯಲ್ಲಿ ಜಾಗ ಹಿಡಿಯುತ್ತಿರುವಂತೆ, ನಾವು ಒಬ್ಬರಿಗೊಬ್ಬರು ಒತ್ತಿಕೊಂಡು ನಿಲ್ಲಬೇಕಾದಂತೆ ಅನ್ನಿಸಿತು. ಟೀಚರ್ ಬಾಯಿ ಬಿಗಿಹಿಡಿದು ಕೆಮ್ಮು ತಡೆದುಕೊಂಡಿದ್ದರು. ಧೂಪದ ಹೊಗೆ ಮುಖಕ್ಕೆ ಬಂದದ್ದೇ ತಡೆಯಲಾಗದೆ ಕೆಮ್ಮಿದರು, ಕಣ್ಣಲ್ಲಿ ನೀರು ಬರುವ ಹಾಗೆ. ಇಡೀ ಕೋಣೆಯ ದನಿ ಏರಿತು. ಅವ್ವನ ದನಿ ಎಲ್ಲಕ್ಕಿಂತ ಮೇಲೆ. ಒಬ್ಬ ಸಂತರ ಹೆಸರಿಗೂ ಇನ್ನೊಬ್ಬರ ಹೆಸರಿಗೂ ನಡುವೆ ಅವಳು, "ಇದೊಂದನ್ನ ಉಳಿಸ್ರೀ" ಎಂದು ತನ್ನದೇ ಮಾತು ಸೇರಿಸುತ್ತಿದ್ದಳು. ಅದು ಯಾರಿಗೆಂದು ಹೇಳುತ್ತಿದ್ದಳೋ, ದೇವರಿಗೋ, ಸಂತರಿಗೋ, ಕೇಳಿಸಿಕೊಳ್ಳುವವರಿಗೆಲ್ಲವೋ.

ನನ್ನ ಸಲುವಾಗಿ 'ಇದೊಂದು' ಎಂದು ಯಾರಾದರೂ ಬೇಡುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಹುಶಃ ಎಲ್ಲರ ಸಲುವಾಗಿಯೂ ಯಾರೋ ಹೀಗೆ ಬೇಡುತ್ತಿರುತ್ತಾರೆ, ನಮ್ಮ ಕಿವಿಗೆ ಬೀಳುವುದಿಲ್ಲ. ಅಂದು ಮಾತ್ರ ನಾನು ಒಂದು ಮೊಳ ದೂರದಲ್ಲಿ ನಿಂತು, ನನ್ನದಾಗಬೇಕಿದ್ದ ಅವ್ವನ ಕೈ ಇನ್ನೊಬ್ಬರ ತಲೆಯ ಮೇಲಿರುವುದನ್ನು ನೋಡುತ್ತಿದ್ದೆ.

ಟೀಚರ್ ಬಸ್ಸಿಗೆ ಹೊರಟಾಗ ಅವ್ವ ನನ್ನನ್ನೇ ಜೊತೆಗೆ ಕಳಿಸಿದಳು. "ಒಬ್ರನ್ನ ಬಿಡಬ್ಯಾಡ, ಸೀಟು ಹಿಡಿದು ಕೊಡು." ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸು ಇನ್ನೂ ಬಂದಿರಲಿಲ್ಲ. ಟೀಚರ್ ನನ್ನ ಕಡೆ ನೋಡದೆ, ಎದುರಿನ ಕಬ್ಬಿನ ಹಾಲಿನ ಗಾಣದ ಕಡೆ ನೋಡುತ್ತ ಮಾತಾಡಿದರು.

"ಬಾಳೆಹಣ್ಣು ತಿಂದೆ. ಎಣ್ಣಿ ಹಚ್ಚಿಕೊಂಡೆ. ನನಗೇನೂ ಅನಸಲಿಲ್ಲ. ಯಾರದೋ ಪಾರ್ಸಲ್ ಇಸಗೊಂಡು ಇಟ್ಟಂಗ. ಆದರ ಇವತ್ತು ನಿಮ್ಮವ್ವನ ಕೈ ನನ್ನ ತಲಿ ಮ್ಯಾಲ ನಡಗಾಕತ್ತಿತ್ತು. ಅದನ್ನ ಇಟಗೊಳ್ಳಾಕ ಆಗೂದಿಲ್ಲವಾ ನನಗ."

"ನಾಳೆ ಒಂದು ದಿನ ಟೀಚರ್. ರಿಪೋರ್ಟು ಬಂದ ಮ್ಯಾಲ ನೋಡೂಣು."

"ಛಲೋ ಬಂದ್ರ ಹೇಳೂದಿಲ್ಲ ನೀ. ಕೆಟ್ಟ ಬಂದ್ರ ಮುಚ್ಚಿಡಾಕ ಆಗೂದಿಲ್ಲ, ಹೇಳ್ತಿ. ಹೌದಲ್ಲ?"

ನಾನು ಬಸ್ಸು ಬರುವ ದಾರಿ ನೋಡಿದೆ.

"ಅಂದ್ರ ನಿಮ್ಮವ್ವನ್ನ ಬರೇ ಕೆಟ್ಟ ಸುದ್ದಿಗಷ್ಟ ಇಟಗೊಂಡೀದಿ."

"ಅಪ್ಪನ ವ್ಯಾಳ್ಯಾದಾಗ ನೋಡೇನ್ರಿ ನಾನು. ತಡಕೊಳ್ಳೂದಿಲ್ಲ ಆಕಿ."

"ಈಗೇನು ತಡಕೊಂಡಾಳ? ಬರೇ ಗುರ್ತ ಪರಿಚಯದ ಒಬ್ಬಾಕಿ ಸಲುವಾಗಿ ಇಷ್ಟ್ ಓಡ್ಯಾಡತಾಳ. ಖರೇ ಹೆಸರು ಗೊತ್ತಿಲ್ಲ ಆಕಿಗೆ, ಅಷ್ಟ."

ಬಸ್ಸು ಬಂತು. ಜನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುತ್ತಿದ್ದರು. ನಾನು ನುಗ್ಗಿ ಅವರಿಗೆ ಒಂದು ಸೀಟು ಹಿಡಿದು ಕೊಟ್ಟೆ. ಅವರು ಕುಳಿತು, ಉಸಿರು ತೆಗೆದುಕೊಂಡು, "ನನಗ ಇನ್ನ ಕೆಮ್ಮಾಕ ಹಚ್ಚಬ್ಯಾಡ" ಎಂದರು. ಅಕ್ಕಪಕ್ಕದವರಿಗೆ ಅದು ಬರೀ ಮಾತು. ಬಸ್ಸು ಹೋದ ಮೇಲೆ ಅಲ್ಲಿಯೇ ನಿಂತೆ, ಆಮೇಲೆ ಊರಿನ ಉದ್ದಕ್ಕೂ ಸುಮ್ಮನೆ ನಡೆದೆ. ಮನೆ ಎರಡು ಸಲ ದಾಟಿ ಹೋದೆ.

ಮರುದಿನ ಮಧ್ಯಾಹ್ನ ರಿಪೋರ್ಟು ಕೈಗೆ ಬಂದಾಗ ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಗಂಟನ್ನು ತೆಗೆಸಿಬಿಟ್ಟರೆ ಆಯಿತು ಎಂದರು, ತೆಗೆಸಿದೆವು. ಆದರೆ ಬೆಳಿಗ್ಗೆ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಏಳು ಗಂಟೆಗೆ ಹಾವೇರಿ ಬಸ್ಸು, ಅವ್ವನಿಗೆ ಕಂಪನಿಯ ಕೆಲಸ ಎಂದು ಹೇಳಬೇಕು.

ಎದ್ದು ಮುಖ ತೊಳೆಯದೆ ಅಡುಗೆಮನೆಗೆ ಹೋದೆ. ಅವ್ವ ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಹಂಚು ಕಾದಿತ್ತು. ನಾನು ಅವಳ ಎದುರು ಕುಳಿತೆ.

"ಇಷ್ಟ್ ಲಗೂ ಯಾಕ ಎದ್ದಿ? ಚಹಾ ಇನ್ನೂ ಇಟ್ಟಿಲ್ಲ."

"ಅವ್ವಾ, ಸಿಸ್ಟರ್ ಓದಿದ್ದು ಟೀಚರ್ ಸಲುವಾಗಿ ಅಲ್ಲ."

ಅವಳ ಕೈ ನಿಂತಿತು. ರೊಟ್ಟಿ ಅರ್ಧ ಬಡಿದಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಮುಂದೆ ಬಗ್ಗಿ, ಜೋಳದ ಹಿಟ್ಟು ಹತ್ತಿದ ಅವಳ ಬಲಗೈ ಹಿಡಿದೆ. ಅದನ್ನು ತಂದು ನನ್ನ ಎಡ ಎದೆಯ ಹೊರಮಗ್ಗುಲಲ್ಲಿ ಇಟ್ಟು, ಅವಳ ಬೆರಳುಗಳು ಅದನ್ನು ಕಂಡುಕೊಳ್ಳುವವರೆಗೆ ಹಿಡಿದುಕೊಂಡೆ.

"ನನ್ನ ಸಲುವಾಗಿ ಬೇಡಿಕೋ" ಎಂದೆ. "ಮತ್ತ ಎದ್ದು ಸೀರಿ ಉಟಗೋ. ಹಾವೇರಿಗೆ ಇಬ್ರೂ ಹೋಗೂಣು."